ಮೂರು ತುಂಡು, ಒಂದು ಚೀಲ

ಇಫ್ತೆಕಾರ ಸಾಬರ ಅಂಗಡ್ಯಾಗ ಕುರ್ಚಿ ಒಂದೇ.
ಅದರ ಮ್ಯಾಲ ನನ್ನ ಕೂಡಿಸಿ
ಅಂಬಾರಾಯ ನಿಂತ, ಪಲ್ಟಣದಾಗ ನಿಂತಂಗ,
ಎದಿ ಮುಂದ, ಕಿಸೆ ಹಿಂದ.

"ನಿಮಗೇನು ತೋರಿಸ್ಲಿ ಬಾಯಿ?"
ನನಗೇನೂ ಬ್ಯಾಡ್ರಿ. ನಾ ಚೀಲ ಹೊಲಿಯಾಕಿ.
ಕೊರಳಾಗಿನ ಟೇಪು ನೋಡಿ ಸಾಬರು ನಕ್ಕರು.

ಮೊದಲು ಬಂದದ್ದು ಜೋಡಿ ನಳಿಗೀದು,
ಕಟಿಗಿ ಮ್ಯಾಲ ಬಾತುಕೋಳಿ ಕೆತ್ತಿದ್ದು,
ಯಾರೋ ಜಾಗೀರದಾರರ ಮನೀದು. ಗ್ವಾಡಿಗೆ ಚೆಂದ.
ಬ್ಯಾಂಕಿನ ಬಾಗಲಾಗ ದಿನಾ ಹತ್ತು ತಾಸು
ಬಾತುಕೋಳಿ ಹೊತ್ತು ನಿಂದರಾವರು ಯಾರು?

ಎರಡನೇದು ರೈಫಲ್ಲು.
ಅದನ್ನ ಕಂಡದ್ದೇ ಇವನ ಬೆರಳಿಗೆ ಹರೇ ಬಂತು.
ಬೋಲ್ಟು ಎಳದ, ಮುಚ್ಚಿದ, ಮತ್ತ ಎಳದ,
ನಾ ಕುಂತದ್ದು ಮರತ.
ಟೇಪು ಹಿಡದೆ: ನಾಲ್ವತ್ನಾಕು ಇಂಚು.
ಕಮಲಾಪುರ ಬಸ್ಸಿನ್ಯಾಗ ಇದನ್ನ ಎಲ್ಲಿ ನಿಂದರಸ್ತಿ?
ಕೆಂಪು ಬಾಳಿಹಣ್ಣಿನ ಬುಟ್ಟಿ ಅದಾವ, ಕೂಸುಗಳು ಅದಾವ,
ಕಂಡಕ್ಟರ ಅದಕೂ ಒಂದು ಟಿಕೇಟು ಹರೀತಾನ.

ಮೂರನೇದನ್ನ ಸಾಬರು ತೋರಿಸಲೇ ಇಲ್ಲ,
ಬಿಚ್ಚಿದರು.
ಮುಂದಿನ ಹಿಡಿಕಿ ಟಕ್ ಅಂತ ಕೈಗೆ ಬಂತು,
ನಳಿಗಿ ಸೊಂಟದಾಗ ಬಾಗಿ ಕಳಚಿತು,
ಹಿಂದಿನ ಕಟಿಗಿ ಉಳೀತು,
ಮಗ್ಗಲಾಗಿ ಬಿದ್ದ ಕೊಡಲಿ ಕಾವಿನಂಗ.
ಶಹಾಬಾದಿ ಫರಸಿ ಮ್ಯಾಲ ಮೂರು ತುಂಡು.
ಇದು ಬಂದೂಕಂತ ಯಾರಾದ್ರೂ ಅಂದಾರೇನು?
ನಮ್ಮ ಒಲಿ ಊದೋ ಕೊಳವಿ ಇದಕಿಂತ ಕರ್ರಗದ.

"ಇದರಾಗ ಗುಂಡು ಒಂದೇ," ಅಂದ ಇವ, ಮಾರಿ ಸಣ್ಣ ಮಾಡಿ.

ಒಂದು ಸಾಲ್ದೇನು?
ಹದಿನೇಳು ವರ್ಷ ಗಡಿ ಕಾದು ಬಂದಿ,
ಎಷ್ಟು ಹಾರಿಸಿದಿ ಅಂತ ನಾ ಒಮ್ಮೆನೂ ಕೇಳಿಲ್ಲ.

ಅವ ಫರಸಿ ನೋಡಿದ.
ಸಾಬರು ಒರಸಿದ ನಳಿಗೀನೇ ಮತ್ತ ಒರಸಿದರು.

ಲಾರಿಯ ಹಳೇ ತಾಡಪತ್ರಿ ಕತ್ತರಿಸಿ
ಮೂರು ಮನಿ ಮಾಡಿದೆ, ನಡುವ ಕೌದಿಯ ಪದರು.
ಕಬ್ಬಿಣ ಕಬ್ಬಿಣಕ್ಕ ಬಡೀಬಾರದು,
ಬಸ್ಸು ಕುಣದರ ಸಪ್ಪಳ ಹೊರಗ ಬರಬಾರದು.
ಲೈಸೆನ್ಸಿನ ಕಾಗದಕ್ಕ ಎದಿ ಕಡೆ ಒಂದು ಕಿಸೆ.
ಕಾರ್ತೂಸಿಗೆ ಮಾತ್ರ ಚೀಲದಾಗ ಜಾಗ ಕೊಡಲಿಲ್ಲ.
ಗುಂಡಮ್ಮ ಅಂತ ಹೆಸರಿಟ್ಟಾರ ನನಗ,
ಗುಂಡು ನನ್ನ ಡಬ್ಬ್ಯಾಗ, ಬಾಬಿನ್ನಿನ ಮಗ್ಗಲಾಗ.

ಅಷ್ಟರಾಗ ಎಲೆಕ್ಷನ್ನು ಬಂತು.
ಬಂದೂಕು ಠಾಣೆಕ್ಕ ಜಮಾ, ಕೈಯಾಗ ರಸೀದಿ.
ಬಂದೂಕಿಲ್ಲದ ಗಾರ್ಡಿಗೆ ಬ್ಯಾಂಕಿನ್ಯಾಗ ಕೆಲಸಿಲ್ಲ.
ಎರಡು ತಿಂಗಳು ಬರೇ ಚೀಲ ಗೂಟಕ್ಕ ಜೋತಾಡಿತು,
ಕರುಳು ತಗದ ಕೋಳಿಯಂಗ.

ಒಂದಿನ ಕೇಳದಲೇ ತುಂಬಿದೆ.
ಕಟಿಗಿ ಮನ್ಯಾಗ ನಲ್ವತ್ತು ಖಡಕ್ ರೊಟ್ಟಿ,
ಹಿಡಿಕಿ ಮನ್ಯಾಗ ಶೇಂಗಾ ಹಿಂಡಿ,
ನಳಿಗಿಯ ಉದ್ದನ್ನ ಮನ್ಯಾಗ ನುಗ್ಗಿಕಾಯಿ,
ಅಳತಿ ಮಾಡಿ ಹೊಲಿದಂಗ ಕುಂತವು.
ಸೂಪರ್ ಮಾರ್ಕೆಟ್ಟಿನ ಖಾನಾವಳಿಗೆ ಹೋಗಿ ಕೊಟ್ಟು ಬಾ ಅಂದೆ.
ಭುಜಕ್ಕ ಏರಿಸಿದ,
ಅದೇ ನಡಗಿ, ಅದೇ ಎದಿ.
ಮೋಡಿನ ಪೋಲೀಸ ತಡದು ಬಿಚ್ಚಿ ನೋಡಿದನಂತ,
ನಾಕು ರೊಟ್ಟಿ ಜಪ್ತಾದವಂತ.
ನಗೀಲಿಕ್ಕಿ ನಾನೇ ಮೊದಲು ನಕ್ಕೆ, ಆಮ್ಯಾಲ ಅವ.

ಈಗ ಬಂದೂಕು ಬಂದದ.
ನಳಿಗ್ಯಾಗ ಬೆಳ್ಳುಳ್ಳಿ ವಾಸನಿ ಅದ
ಅಂತಾರಂತ ಮ್ಯಾನೇಜರು.
ಎಣ್ಣಿ ಹಚ್ಚಿದೆ, ಬಿಸಲಿಗೆ ಚೀಲ ತಿರುವಿ ಹಾಕಿದೆ,
ಹೋಗವಲ್ದು. ಇರಲಿ ಬಿಡು.

ಸಂಜಿಕ ಬರ್ತಾನ. ಚೀಲ ಗೂಟಕ್ಕ ಹಾಕ್ತಾನ.
ಮಾರಿ ತೊಳಕೊಳ್ಳೂಕ ಮೊದಲು ಅಂಗೈ ಒಡ್ಡತೀನಿ.
ಮುಂಜಾನಿ ಐದು ಕೊಟ್ಟಿದ್ದೆ.
ಒಂದೊಂದೇ ಇಡ್ತಾನ, ಬೆಚ್ಚಗ, ಕಿಸೇದಾಗಿನ ಬಿಸಿಗೆ.
ಐದೂ ಎಣಿಸಿ ಡಬ್ಬ್ಯಾಗ ಹಾಕಿ
ಆಮ್ಯಾಲ ಉಣ್ಣಾಕ ನೀಡ್ತೀನಿ.